ಏಣಿ ಹಿಡಿದದ್ದು

ಹಗಲೆಲ್ಲ ಸ್ಟರ್ಟ್ ಸ್ಟ್ರೀಟಿನ ಕನ್ನಡಕದಂಗಡಿಯಲ್ಲಿ
ಪಾಪೆಯಿಂದ ಪಾಪೆಗೆ ದೂರ ಅಳೆಯುವವಳು ನಾನು.
ನನ್ನ ಮೂಗಿನ ತುದಿ ನೋಡಿ, ಅನ್ನುತ್ತೇನೆ.
ನೋಡುತ್ತಾರೆ. ಪುಟ್ಟ ಸ್ಕೇಲು ಹಿಡಿದು
ಅರವತ್ತೆರಡು, ಅರವತ್ತನಾಲ್ಕು ಎಂದು ಬರೆದುಕೊಳ್ಳುತ್ತೇನೆ.
ಬಲ್ಲರಾಟಿನ ಅರ್ಧ ಊರು ನನಗೆ
ಮಿಲಿಮೀಟರಿನಲ್ಲಿ ಪರಿಚಯ.

ರಾತ್ರಿ ಒಂಬತ್ತಕ್ಕೆ ಬ್ರೆಂಡನ್.
ಅವನ ಆಲ್ಬನಿಯಲ್ಲಿ ಆಗಿನ್ನೂ ಆರು.
ನನ್ನ ಕಿಟಕಿ ಕಪ್ಪಾದ ಮೇಲೂ
ಅವನ ಕಿವಿಯ ಹಿಂದೆ ಬಿಸಿಲು ಉಳಿದಿರುತ್ತದೆ.
ಒಂದೇ ದೇಶ. ಆದರೂ ಗಡಿಯಾರದಲ್ಲಿ
ನನಗಿಂತ ಮೂರು ತಾಸು ಚಿಕ್ಕವನು.
ವಯಸ್ಸಿನಲ್ಲಿ ಐದು ವರ್ಷ ದೊಡ್ಡವನು, ಪ್ರೊಫೈಲಿನ ಪ್ರಕಾರ.
ನಾನು ಬರೆದಿದ್ದದ್ದು ನಲವತ್ತೊಂಬತ್ತು;
ಎರಡನೇ ವಾರ ಐವತ್ತೊಂದು ಅಂತ ಒಪ್ಪಿಕೊಂಡೆ.
ಹಾಗಾದರೆ ನಾನು ಮೂರೇ ವರ್ಷ ದೊಡ್ಡವ,
ಅಂದು ನಕ್ಕ.

ಲ್ಯಾಪ್‌ಟಾಪನ್ನು ಹಿಟ್ಟಿನ ಡಬ್ಬದ ಮೇಲಿಟ್ಟರೆ
ಗದ್ದದ ಕೆಳಗಿನ ಮಡಿಕೆ ಕಾಣುವುದಿಲ್ಲ.
ಇದು ಗೊತ್ತಾಗಲು ಮೂರು ಡಬ್ಬ ಬದಲಿಸಿದೆ.
ಮೇಲೆ ಇಸ್ತ್ರಿ ಮಾಡಿದ ಹಸಿರು ರೇಷ್ಮೆಯಂಗಿ,
ಕೆಳಗೆ ಮೊಣಕಾಲು ಜೋತ ಪೈಜಾಮ.
ಮೊದಲ ದಿನ ಅವನಿಗಿಂತ ಹೆಚ್ಚು
ಮೂಲೆಯ ಚೌಕದಲ್ಲಿದ್ದ ಆ ಹೆಂಗಸನ್ನೇ ನೋಡಿದೆ:
ಯಾಕಿಷ್ಟು ತಲೆಯಾಡಿಸುತ್ತಾಳೆ ಇವಳು?

ಕಣ್ಣಲ್ಲಿ ಕಣ್ಣಿಡುವುದು ಇಲ್ಲಿ ಆಗದ ಮಾತು.
ಅವನ ಕಣ್ಣು ನೋಡಿದರೆ
ಅವನಿಗೆ ನಾನು ತಲೆ ತಗ್ಗಿಸಿದಂತೆ;
ಮೇಲಿರುವ ಸಾಸಿವೆ ಗಾತ್ರದ ಗಾಜು ನೋಡಿದರೆ
ಅವನಿಗೆ ನನ್ನ ನೇರ ನೋಟ,
ನನಗೆ ಸಾಸಿವೆ.
ಸರದಿಯ ಮೇಲೆ ನೋಡಿಕೊಂಡೆವು.
ಈ ದೂರಕ್ಕೆ ಅಂಗಡಿಯಲ್ಲಿ ಸ್ಕೇಲಿಲ್ಲ.

ಇಷ್ಟರ ನಡುವೆ ಆ ಸದ್ದು.
ಚಿಂವ್.
ಹಕ್ಕಿ ಸಾಕಿದ್ದಾನೆ ಅಂದುಕೊಂಡೆ.
ಅವನು ಧಾನ್ಯದ ಕಣಜದಲ್ಲಿ ಬೆಲ್ಟು ರಿಪೇರಿ ಮಾಡುವ ಕತೆ ಹೇಳುವಾಗ,
ಚಿಂವ್.
ನಾನು ನನ್ನ ಡಿವೋರ್ಸಿನ ಹತ್ತಿರ ಬಂದು ನಿಂತಾಗ,
ಚಿಂವ್.
ಎಣಿಸಿದೆ. ನಲವತ್ತು ಸೆಕೆಂಡಿಗೊಮ್ಮೆ.
ಐದು ವಾರ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ.
ಪ್ರೀತಿಯ ಬಗ್ಗೆ ಕೇಳುವುದು ಸುಲಭ,
ನಿಮ್ಮ ಮನೆ ಸೂರಿನಲ್ಲೇನು ಅರಚುತ್ತಿದೆ ಅನ್ನುವುದು ಕಷ್ಟ.

ಕೊನೆಗೆ ಕೇಳಿದೆ.
ಓ ಅದಾ, ಹೊಗೆಯ ಅಲಾರ್ಮು, ಬ್ಯಾಟರಿ ಸತ್ತಿದೆ.
ಬದಲಿಸಬಾರದಾ?
ಸುಮ್ಮನಾದ. ಚಿಂವ್.
ಹಳೆ ಮನೆ, ಸೂರು ಎತ್ತರ, ಏಣಿ ಅಲುಗುತ್ತದೆ.
ಹಿಡಿಯುತ್ತಿದ್ದವಳು ಈಗ ಬನ್‌ಬರಿಯಲ್ಲಿದ್ದಾಳೆ,
ಬೇರೊಬ್ಬನ ಜೊತೆ.

ನಾನಿದ್ದೀನಲ್ಲ, ಅಂದುಬಿಟ್ಟೆ.

ಫೋನನ್ನು ನೆಲದ ಮೇಲಿಟ್ಟ, ಮುಖ ಮೇಲೆ ಮಾಡಿ.
ಏಣಿ ತಂದ. ಹತ್ತಿದ.
ಒಂದು ತಿಂಗಳಿಂದ ಬಚ್ಚಿಟ್ಟ ಕೋನವೆಲ್ಲ
ಒಮ್ಮೆಲೇ ಕಂಡಿತು:
ಕಾಲುಚೀಲದ ತೂತಿನಿಂದ ಇಣುಕಿದ ಒಡೆದ ಹಿಮ್ಮಡಿ,
ಬೆಲ್ಟಿನ ಮೇಲೆ ಮಡಚಿದ ಹೊಟ್ಟೆ,
ಮೂಗಿನ ಹೊಳ್ಳೆಯೊಳಗಿನ ನರೆ,
ಎಲ್ಲದರಾಚೆ ಮಿನುಗುವ ಕೆಂಪು ಚುಕ್ಕೆ.
ಏಣಿ ನಡುಗಿತು.
ಹಿಡಿದಿದ್ದೀಯಾ? ಮೇಲಿನಿಂದ ಅವನ ಇಂಗ್ಲಿಷು.
ಹ್ಞೂಂ, ಹಿಡಕೊಂಡೀನಿ, ಅಂದೆ. ಕನ್ನಡದಲ್ಲಿ.
ಅರ್ಥವೇನೆಂದು ಅವನು ಕೇಳಲಿಲ್ಲ.
ಎರಡು ಸಾವಿರ ಕಿಲೋಮೀಟರಿನಾಚೆಯ ಅಡುಗೆಮನೆಯಲ್ಲಿ
ಎರಡೂ ಕೈಯಿಂದ ಮೇಜಿನಂಚು ಹಿಡಿದು
ಬೆರಳು ಬಿಳಿಚುವಷ್ಟು ಒತ್ತಿದ್ದೆ.

ಆಮೇಲೆ ನಲವತ್ತು ಎಣಿಸಿದೆ. ಎಂಬತ್ತು.
ಏನೂ ಕೂಗಲಿಲ್ಲ.
ನನ್ನ ಫ್ರಿಜ್ಜು ಗುಂಯ್ಗುಡುವುದು
ಆಗ ನನಗೇ ಗೊತ್ತಾಯಿತು.

ಇಳಿದು ಬಂದು ಫೋನೆತ್ತಿಕೊಳ್ಳುವಾಗ
ಅವನ ಒಂದು ಕಣ್ಣು ಅಡ್ಡಡ್ಡವಾಗಿ ಪರದೆ ತುಂಬಿತು.
ಒಂದೇ ಕಣ್ಣು. ಅಳೆಯುವುದಕ್ಕೆ ಎರಡು ಬೇಕು.

ಹೊತ್ತಾಗಿತ್ತು. ಇಬ್ಬರೂ ಇಡಲಿಲ್ಲ.
ಲ್ಯಾಪ್‌ಟಾಪು ಕೆಳಗಿಳಿಸಿ, ಡಬ್ಬದ ಮುಚ್ಚಳ ತೆಗೆದು
ನಾಳೆಯ ಚಪಾತಿಗೆ ಹಿಟ್ಟು ಕಲಸತೊಡಗಿದೆ.
ಅವನು ನೋಡುತ್ತಿದ್ದ,
ಬಹುಶಃ ನನ್ನ ಗದ್ದ.